ಗುಂಪು ವ್ಯಾಯಾಮ ಮತ್ತು ನಡುವಯಸ್ಸಿನ ಮಹಿಳೆಯರ ಹೃದಯಾರೋಗ್ಯ

ಹಲವರು ಗೊತ್ತಾದ ಹೊತ್ತಿಗೆ ಒಂದೆಡೆ ಸೇರಿ ಮಾಡುವ ಕಸರತ್ತು ಗುಂಪು ವ್ಯಾಯಾಮ. ಏರೋಬಿಕ್ಸ್, ಜುಂಬಾ, ಬೆಳಗಿನ ನಡಿಗೆಯ ಬಳಗ, ಬಿರುಸಾಗಿ ಆಡುವ ಕೋಲಾಟ ಎಲ್ಲವೂ ಇದರಲ್ಲಿ ಸೇರುತ್ತವೆ. ಅಮೆರಿಕದ ವಾಯುಪಡೆಯ ವೈದ್ಯ ಕೆನೆತ್ ಕೂಪರ್ 1968ರಲ್ಲಿ 'ಏರೋಬಿಕ್ಸ್' ಪುಸ್ತಕ ಬರೆದರು. ಮರುವರ್ಷವೇ ಜೂಡಿ ಶೆಪರ್ಡ್ ಮಿಸೆಟ್ ಮತ್ತು ಜ್ಯಾಕಿ ಸೊರೆನ್ಸನ್ ಬೇರೆಬೇರೆಯಾಗಿ ನೃತ್ಯವನ್ನೇ ವ್ಯಾಯಾಮವಾಗಿಸಿದ ತರಗತಿಗಳನ್ನು ಆರಂಭಿಸಿದರು. ಅಲ್ಲಿ ಸೇರಿದವರಲ್ಲಿ ಹೆಂಗಸರೇ ಹೆಚ್ಚು.

ಹೃದ್ರೋಗ ಗಂಡಸರ ಕಾಯಿಲೆ ಎಂಬ ನಂಬಿಕೆ ಇನ್ನೂ ಗಟ್ಟಿಯಾಗಿದೆ. ಆದರೆ 2019ರಲ್ಲಿ ಜಗತ್ತಿನಲ್ಲಿ ಸತ್ತ ಮಹಿಳೆಯರಲ್ಲಿ ಸುಮಾರು 35 ಶೇಕಡಾ ಮಂದಿಯನ್ನು ಬಲಿ ತೆಗೆದುಕೊಂಡದ್ದು ಹೃದಯ ಮತ್ತು ರಕ್ತನಾಳಗಳ ಕಾಯಿಲೆಗಳೇ. ಮುಟ್ಟು ನಿಲ್ಲುವ ವಯಸ್ಸು ಇಲ್ಲಿ ದೊಡ್ಡ ತಿರುವು. ಭಾರತದ ಮಹಿಳೆಯರಲ್ಲಿ ಅದು ಸರಾಸರಿ 46-47ಕ್ಕೇ ಬರುತ್ತದೆ, ಪಾಶ್ಚಾತ್ಯ ದೇಶಗಳಿಗಿಂತ ಕೆಲವು ವರ್ಷ ಮೊದಲೇ. ಈಸ್ಟ್ರೊಜೆನ್ ಕಡಿಮೆಯಾಗುತ್ತಿದ್ದಂತೆ ಕೆಟ್ಟ ಕೊಲೆಸ್ಟರಾಲ್ ಏರುತ್ತದೆ, ತೊಡೆ-ಸೊಂಟದ ಕಡೆ ಸೇರುತ್ತಿದ್ದ ಕೊಬ್ಬು ಹೊಟ್ಟೆಗೆ ಬರುತ್ತದೆ, ರಕ್ತನಾಳಗಳು ಪೆಡಸಾಗುತ್ತವೆ. ಮಕ್ಕಳ ಓದು, ಹಿರಿಯರ ಆರೈಕೆ, ಕೆಲಸ ಎಂದು ತನ್ನ ಆರೋಗ್ಯವನ್ನು ಕೊನೆಗೆ ಇಟ್ಟುಕೊಳ್ಳುವ ವಯಸ್ಸೂ ಇದೇ.

ವ್ಯಾಯಾಮ ಈ ಬದಲಾವಣೆಗಳನ್ನು ಹಲವು ಕಡೆಯಿಂದ ತಡೆಯುತ್ತದೆ. ನಾಡಿ ಬಿರುಸಾದಾಗ ರಕ್ತ ವೇಗವಾಗಿ ಹರಿದು ನಾಳಗಳ ಒಳಪೊರೆಯನ್ನು ಉಜ್ಜುತ್ತದೆ. ಆಗ ಆ ಪೊರೆ ನೈಟ್ರಿಕ್ ಆಕ್ಸೈಡ್ ಬಿಡುಗಡೆ ಮಾಡಿ ನಾಳವನ್ನು ಸಡಿಲಗೊಳಿಸುತ್ತದೆ. ಸ್ನಾಯುಗಳು ಸಕ್ಕರೆಯನ್ನು ಚೆನ್ನಾಗಿ ಹೀರಿಕೊಳ್ಳತೊಡಗುತ್ತವೆ. ತಿಂಗಳುಗಟ್ಟಲೆ ಮುಂದುವರಿಸಿದರೆ ಹೃದಯ ಒಂದೊಂದು ಬಡಿತಕ್ಕೂ ಹೆಚ್ಚು ರಕ್ತ ನೂಕುತ್ತದೆ, ಹಾಗಾಗಿ ಸುಮ್ಮನೆ ಕೂತಾಗಿನ ನಾಡಿಬಡಿತ ಇಳಿಯುತ್ತದೆ. ಅಮೆರಿಕದಲ್ಲಿ 40ರಿಂದ 65 ವಯಸ್ಸಿನ 72,488 ದಾದಿಯರನ್ನು ಗಮನಿಸಿದ ಅಧ್ಯಯನವೊಂದು 1999ರಲ್ಲಿ ಪ್ರಕಟವಾಯಿತು. ವಾರಕ್ಕೆ 3 ಗಂಟೆ ಅಥವಾ ಹೆಚ್ಚು ಬಿರುಸಾಗಿ ನಡೆಯುತ್ತಿದ್ದವರಲ್ಲಿ ಹೃದಯಾಘಾತದಂಥ ತೊಂದರೆಗಳು ಸುಮಾರು ಮೂರನೇ ಒಂದರಷ್ಟು ಕಡಿಮೆ ಇದ್ದವು.

ಹಾಗಾದರೆ ಗುಂಪಿನ ಕೊಡುಗೆ ಏನು? ಒಬ್ಬಳೇ ನಡೆದರೂ ರಕ್ತನಾಳಕ್ಕೆ ಅದೇ ಫಲ. ಗುಂಪು ಕಾಪಾಡುವುದು ಕ್ರಮವನ್ನು, ಮತ್ತು ಈ ವಯಸ್ಸಿನಲ್ಲಿ ಅದೇ ಎಲ್ಲಕ್ಕಿಂತ ದೊಡ್ಡದು. ಆರು ಗಂಟೆಗೆ ಗೇಟಿನ ಹತ್ತಿರ ಇನ್ನೊಬ್ಬಳು ಕಾಯುತ್ತಿದ್ದಾಳೆ ಎಂದರೆ ಹಾಸಿಗೆ ಬಿಡಲೇಬೇಕಾಗುತ್ತದೆ. ಎರಡು ದಿನ ಕಾಣದಿದ್ದರೆ ಫೋನ್ ಬರುತ್ತದೆ. ಒಬ್ಬಳೇ ಬೀದಿಯಲ್ಲಿ ಓಡಲು ಸಂಕೋಚಪಡುವವರಿಗೆ ಹತ್ತು ಜನರ ನಡುವೆ ಆ ಅಳುಕು ಇರುವುದಿಲ್ಲ. ನಡಿಗೆ ಬಳಗಗಳ ಕುರಿತ 42 ಅಧ್ಯಯನಗಳನ್ನು ಒಟ್ಟುಗೂಡಿಸಿದ 2015ರ ಪರಾಮರ್ಶೆ, ಅವುಗಳಲ್ಲಿ ಭಾಗವಹಿಸಿದವರ ಮೇಲಿನ ರಕ್ತದೊತ್ತಡ ಸರಾಸರಿ 3.7, ಕೆಳಗಿನದು 3.1 ಅಂಕ ಇಳಿದದ್ದನ್ನು ದಾಖಲಿಸಿತು. ಒಬ್ಬರ ಮಟ್ಟಿಗೆ ಇದು ಸಣ್ಣ ಸಂಖ್ಯೆ. ಊರಿಗೆ ಊರೇ ಇಷ್ಟು ಇಳಿಸಿಕೊಂಡರೆ ಪಾರ್ಶ್ವವಾಯುವಿನ ಎಷ್ಟೋ ಪ್ರಕರಣಗಳು ತಪ್ಪುತ್ತವೆ.

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಸೂಚಿಸಿದ ಪ್ರಮಾಣ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮ, ಜೊತೆಗೆ 2 ದಿನ ಸ್ನಾಯು ಬಲಪಡಿಸುವ ಕಸರತ್ತು. 2022ರಲ್ಲಿ ಭಾರತದ ವಯಸ್ಕ ಮಹಿಳೆಯರಲ್ಲಿ ಸುಮಾರು 57 ಶೇಕಡಾ ಮಂದಿ ಸಾಕಷ್ಟು ದೈಹಿಕ ಚಟುವಟಿಕೆ ಇಲ್ಲದವರು ಎಂದು ಅಂದಾಜಿಸಲಾಗಿದೆ. ಗಂಡಸರಲ್ಲಿ ಇದು 42. ಅಮೆರಿಕದ 4 ಲಕ್ಷಕ್ಕೂ ಹೆಚ್ಚು ವಯಸ್ಕರ ಮಾಹಿತಿಯನ್ನು ವಿಶ್ಲೇಷಿಸಿದ 2024ರ ವರದಿಯೊಂದು ಭರವಸೆ ಮೂಡಿಸುತ್ತದೆ: ಗಂಡಸರು ವಾರಕ್ಕೆ 300 ನಿಮಿಷ ದುಡಿದು ಗಳಿಸುವ ಆಯುಸ್ಸಿನ ಲಾಭವನ್ನು ಹೆಂಗಸರು ಸುಮಾರು 140 ನಿಮಿಷದಲ್ಲೇ ಪಡೆಯುತ್ತಾರೆ.

ಶ್ರಮ ಎಷ್ಟಿರಬೇಕು ಎಂಬುದಕ್ಕೆ ಯಂತ್ರವೇ ಬೇಕಿಲ್ಲ. ಪಕ್ಕದವಳ ಜೊತೆ ಮಾತಾಡಲು ಆಗಬೇಕು, ಹಾಡಲು ಉಸಿರು ಸಾಲಬಾರದು. ಅದೇ ಮಧ್ಯಮ ಶ್ರಮ. ಜಿಮ್‌ಗಳಲ್ಲಿ ಗರಿಷ್ಠ ನಾಡಿಬಡಿತಕ್ಕೆ 220ರಿಂದ ವಯಸ್ಸು ಕಳೆಯುವ ಲೆಕ್ಕವಿದೆ. ಮಹಿಳೆಯರಿಗಾಗಿಯೇ 2010ರಲ್ಲಿ ಪ್ರಕಟವಾದ ಸೂತ್ರ ವಯಸ್ಸನ್ನು 0.88ರಿಂದ ಗುಣಿಸಿ 206ರಿಂದ ಕಳೆಯುತ್ತದೆ. ಐವತ್ತರ ಮಹಿಳೆಗೆ ಹಳೆಯ ಲೆಕ್ಕ 170 ಹೇಳಿದರೆ ಇದು 162 ಹೇಳುತ್ತದೆ. ತರಗತಿಯ ಕೊನೆಯಲ್ಲಿ ಹಾಡು ನಿಂತೊಡನೆ ತಟ್ಟನೆ ನಿಲ್ಲಬಾರದು. ಕಾಲಿನ ಸ್ನಾಯುಗಳ ಒತ್ತುವಿಕೆ ನಿಂತಾಗ ರಕ್ತ ಕಾಲಲ್ಲೇ ಉಳಿದು ತಲೆ ಸುತ್ತು ಬರುತ್ತದೆ. ಐದು ನಿಮಿಷ ನಿಧಾನವಾಗಿ ಹೆಜ್ಜೆ ಹಾಕಬೇಕು.

ಬಿಪಿ, ಸಕ್ಕರೆ ಕಾಯಿಲೆ ಇರುವವರು, ಬಹುಕಾಲ ಕೂತೇ ಕೆಲಸ ಮಾಡಿದವರು ಮೊದಲು ವೈದ್ಯರನ್ನು ಕಾಣಬೇಕು. ಮಹಿಳೆಯರಲ್ಲಿ ಹೃದಯಾಘಾತಕ್ಕೆ ಎದೆನೋವಿನ ಜೊತೆಗೆ, ಕೆಲವೊಮ್ಮೆ ಅದಿಲ್ಲದೆಯೂ, ದವಡೆ ಅಥವಾ ಬೆನ್ನಿನ ನೋವು, ಏದುಸಿರು, ವಾಕರಿಕೆ, ಕಾರಣವಿಲ್ಲದ ಸುಸ್ತು ಕಾಣಿಸುತ್ತವೆ. ಇವನ್ನು ಗ್ಯಾಸ್ ಎಂದು ತಳ್ಳಿಹಾಕುವುದು ಸಾಮಾನ್ಯ. ದಿನವೂ ಜೊತೆಗೆ ಹೆಜ್ಜೆ ಹಾಕುವವಳಿಗೆ ಗೆಳತಿಯ ಮುಖ ಬಾಡಿದ್ದು, ಬೆವರು ಎಂದಿನಂತಿಲ್ಲದ್ದು ಬೇಗ ತಿಳಿಯುತ್ತದೆ. ಆಗ ಸೋಡಾ ಕುಡಿಸಿ ಕೂರಿಸದೆ 108ಕ್ಕೆ ಕರೆ ಮಾಡಬೇಕು.