ಮೊದಲು ಅಡುಗೆಮನೆ, ಆಮೇಲೆ ಹೈಸ್ಕೂಲು

ಹಳ್ಳಿಯ ಹೈಸ್ಕೂಲು ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಹೆಂಚು ಹೊದೆಸಿದ ನಾಲ್ಕಾರು ಕೋಣೆ, ಮುಂದೊಂದು ಬಯಲು. ಆದರೆ ಆ ಶಾಲೆ ಹಳ್ಳಿಗೆ ಬಂದ ಇತಿಹಾಸ ಕಟ್ಟಡದಿಂದ ಮೊದಲಾಗುವುದಿಲ್ಲ. ಪಶ್ಚಿಮ ಮಹಾರಾಷ್ಟ್ರದಲ್ಲಂತೂ ಅದು ಮೊದಲಾದುದು ಅಡುಗೆಯ ಒಲೆಯಿಂದ. ಆ ಒಲೆ ಹಚ್ಚಿದವರು ಕರ್ಮವೀರ ಭಾವುರಾವ್ ಪಾಟೀಲರು. ಮಹಾರಾಷ್ಟ್ರದ ಅನ್ನ ಉಂಡು ಬಾಳುತ್ತಿರುವ ಕನ್ನಡಿಗರಾದ ನಮಗೆ ಅವರ ಹೆಸರು ಹೊಸತಲ್ಲ. ಆದರೆ ಅವರ ಮನೆತನದ ಮೂಲ ನಮ್ಮ ಮೂಡುಬಿದಿರೆ ಎಂಬುದನ್ನು ಬಲ್ಲವರು ಕಡಿಮೆ. ಕೊಲ್ಹಾಪುರದ ಬಳಿಯ ಕುಂಭೋಜದಲ್ಲಿ, ಜೈನ ಕುಟುಂಬವೊಂದರಲ್ಲಿ, 1887ರ ಸೆಪ್ಟೆಂಬರ್ 22ರಂದು ಅವರು ಹುಟ್ಟಿದರು.

ಆ ಕಾಲದ ಹಳ್ಳಿಯ ಹುಡುಗನ ಪಾಡನ್ನು ನೆನೆಯೋಣ. ಶಾಲೆಯಿದ್ದ ಊರಾದರೆ ಮುಲ್ಕಿ ಪರೀಕ್ಷೆಯವರೆಗೆ ಓದಬಹುದಿತ್ತು. ಮುಂದೆ ಇಂಗ್ಲಿಷ್ ಶಾಲೆಗೆ ಪೇಟೆಗೇ ಹೋಗಬೇಕು. ಫೀ ಮಾಫಿಯಾದರೂ ಹೊಟ್ಟೆಯ ಪ್ರಶ್ನೆ ಉಳಿಯುತ್ತಿತ್ತು. ಬಡ ಬ್ರಾಹ್ಮಣ ಹುಡುಗನಿಗೆ ವಾರಾನ್ನದ ಆಸರೆಯಾದರೂ ಇತ್ತು. ದಿನಕ್ಕೊಂದು ಮನೆಯಲ್ಲಿ ಉಂಡು ಓದಿ ದೊಡ್ಡವರಾದವರ ಕಥೆಗಳು ನಮ್ಮಲ್ಲಿ ಎಷ್ಟೋ ಇವೆ. ಆದರೆ ಒಕ್ಕಲಿಗನ ಮಗನಿಗೆ, ಕುರುಬನ ಮಗನಿಗೆ, ಊರ ಹೊರಗಿನ ಕೇರಿಯ ಮಗನಿಗೆ ವಾರ ಕೊಡುವ ಮನೆ ಯಾವುದು? ಅವನ ಓದು ನಿಂತದ್ದು ಬುದ್ಧಿಯ ಕೊರತೆಯಿಂದಲ್ಲ, ಎರಡು ಹೊತ್ತಿನ ರೊಟ್ಟಿಯ ಕೊರತೆಯಿಂದ.

ಇದನ್ನು ಮೊದಲು ಮನಗಂಡವರಲ್ಲಿ ಕೊಲ್ಹಾಪುರದ ಶಾಹು ಮಹಾರಾಜರು ಪ್ರಮುಖರು. 1901ರಿಂದ ಅವರ ಆಶ್ರಯದಲ್ಲಿ ಒಂದೊಂದು ಸಮಾಜಕ್ಕೂ ಒಂದೊಂದು ವಸತಿಗೃಹ ಎದ್ದಿತು. ಭಾವುರಾವ್ ಅವರು ಜೈನ ವಸತಿಗೃಹದಲ್ಲಿದ್ದು ಓದುತ್ತಿದ್ದರು. ಅಸ್ಪೃಶ್ಯರೆನಿಸಿದವರ ಮಕ್ಕಳ ವಸತಿಗೃಹದ ಉದ್ಘಾಟನೆಗೆ ಹೋಗಿ ಬಂದ ಅವರಿಗೆ, ಮಿಂದು ಒಳಗೆ ಬರಬೇಕೆಂದು ಅಪ್ಪಣೆಯಾಯಿತು. ಅವರು ಮೀಯಲು ಒಪ್ಪಲಿಲ್ಲ, ವಸತಿಗೃಹವನ್ನೇ ಬಿಟ್ಟರು. ಶಾಹು ಮಹಾರಾಜರೇ ಆಗ ಅವರಿಗೆ ಆಶ್ರಯ ಕೊಟ್ಟರು. ಮುಂದೆ ಅವರು ಕಟ್ಟಿದ ಮನೆಯಲ್ಲಿ ಪಂಕ್ತಿ ಒಂದೇ ಆದದ್ದಕ್ಕೆ ಬೀಜ ಇಲ್ಲಿದೆ.

ಅವರ ಓದು ಮೆಟ್ರಿಕ್ ದಾಟಲಿಲ್ಲ. ಹೊಟ್ಟೆಪಾಡಿಗೆ ಕಿರ್ಲೋಸ್ಕರರ ಕಬ್ಬಿಣದ ನೇಗಿಲು ಮಾರುತ್ತ ಹಳ್ಳಿ ಹಳ್ಳಿ ತಿರುಗಿದರು. ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಮೊದಲಾದ ಉದ್ಯಮದ ನೇಗಿಲದು. ನೇಗಿಲು ಮಾರಲು ಹೋದವರಿಗೆ ಕಂಡದ್ದು ನೇಗಿಲು ಹಿಡಿದವರ ಅಜ್ಞಾನ ಮತ್ತು ಸಾಲ. 1919ರಲ್ಲಿ ಕರಾಡದ ಹತ್ತಿರದ ಕಾಲೆ ಗ್ರಾಮದಲ್ಲಿ ಅವರು ರಯತ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿದರು. ರಯತ ಎಂದರೆ ನಮ್ಮ ರೈತನೇ. ಹಿಂದುಳಿದವರ ಮಕ್ಕಳಲ್ಲಿ ವಿದ್ಯೆಯ ಹಂಬಲ ಹುಟ್ಟಿಸುವುದು, ಬಡವರಿಗೆ ಧರ್ಮಾರ್ಥ ವಿದ್ಯೆ ಕೊಡುವುದು, ಜಾತಿ ಜಾತಿಗಳ ನಡುವೆ ಬಂಧುಭಾವ ಬೆಳೆಸುವುದು, ಮಿತವ್ಯಯ ಮತ್ತು ಸ್ವಾವಲಂಬನೆ ಕಲಿಸುವುದು ಅದರ ಉದ್ದೇಶಗಳಾಗಿದ್ದವು.

1924ರಲ್ಲಿ ಸಾತಾರೆಯಲ್ಲಿ ವಸತಿಗೃಹ ತೆರೆಯಿತು. ಸಂಸ್ಥೆಯ ಸ್ವಂತ ಹೈಸ್ಕೂಲು ಬಂದದ್ದು 1940ರಲ್ಲಿ. ನಡುವಿನ ಹದಿನಾರು ವರ್ಷ ಬೆಳೆದದ್ದು ಮುಖ್ಯವಾಗಿ ವಸತಿ ಮತ್ತು ಅಡುಗೆಮನೆ. ಹುಡುಗರು ಇಲ್ಲಿ ಉಂಡು ಊರ ಶಾಲೆಗಳಿಗೆ ಹೋಗುತ್ತಿದ್ದರು. ಮರಾಠ, ಮಹಾರ, ಜೈನ, ಮುಸ್ಲಿಂ ಹುಡುಗರು ಒಂದೇ ಸಾಲಿನಲ್ಲಿ ಕೂತು ಉಂಡರು. ಈ ಮಕ್ಕಳಿಗೆ ಅನ್ನವಿಕ್ಕಿದವರು ಭಾವುರಾವ್ ಅವರ ಪತ್ನಿ ಲಕ್ಷ್ಮೀಬಾಯಿ. ಮಡಿಯ ಮನೆತನದಿಂದ ಬಂದ ಆಕೆ ಕಾಳು ತೀರಿದಾಗ ಒಡವೆಗಳನ್ನು, ಕೊನೆಗೆ ಮಂಗಳಸೂತ್ರವನ್ನೂ ಕೊಟ್ಟರು. 1930ರಲ್ಲಿ ತೀರಿಕೊಂಡ ಅವರಿಗೆ ಸಂಸ್ಥೆಯ ಹೈಸ್ಕೂಲನ್ನು ಕಾಣುವ ಭಾಗ್ಯ ದೊರೆಯಲಿಲ್ಲ. ಇತಿಹಾಸ ಸ್ಥಾಪಕರ ಹೆಸರನ್ನು ದೊಡ್ಡ ಅಕ್ಷರದಲ್ಲಿ ಬರೆಯುತ್ತದೆ. ಒಲೆಯ ಮುಂದೆ ಕೂತವರ ಹೆಸರನ್ನು ನಾವು ನೆನಪಿಟ್ಟು ಹೇಳಬೇಕಾಗುತ್ತದೆ.

1927ರಲ್ಲಿ ಗಾಂಧೀಜಿ ಇಲ್ಲಿಗೆ ಬಂದು ವಸತಿಗೃಹಕ್ಕೆ ಶಾಹು ಮಹಾರಾಜರ ಹೆಸರಿಟ್ಟರು. 1935ರಲ್ಲಿ ಶಿಕ್ಷಕರ ತರಬೇತಿ ಶಾಲೆ ಬಂತು. ಹಳ್ಳಿಯ ಶಾಲೆಗೆ ಹಳ್ಳಿಯನ್ನು ಬಲ್ಲ ಮೇಷ್ಟ್ರು ಬೇಕೆಂಬುದು ಇದರ ಹಿಂದಿನ ವಿಚಾರ. 1940ರ ಹೈಸ್ಕೂಲಿಗೆ ಬಡೋದೆಯ ಮಹಾರಾಜ ಸಯಾಜಿರಾವ್ ಅವರ ಹೆಸರು. ಅಲ್ಲಿ ಫೀ ಇರಲಿಲ್ಲ, ಆದರೆ ಬಿಟ್ಟಿಯೂ ಇರಲಿಲ್ಲ. ಹುಡುಗರು ಹೊಲ ಅಗೆದರು, ಕಲ್ಲು ಹೊತ್ತರು, ಅಡುಗೆ ಮಾಡಿದರು. ಸ್ವಾವಲಂಬಿ ಶಿಕ್ಷಣವೇ ನಮ್ಮ ವ್ರತ ಎಂಬುದು ಸಂಸ್ಥೆಯ ಧ್ಯೇಯವಾಕ್ಯ, ಆಲದ ಮರ ಅದರ ಲಾಂಛನ. ದಾನ ಪಡೆದ ಹುಡುಗ ತಲೆ ತಗ್ಗಿಸುತ್ತಾನೆ, ದುಡಿದು ಉಂಡವನು ತಲೆಯೆತ್ತಿ ಓದುತ್ತಾನೆ. ಆ ಪದ್ಧತಿಯ ಮರ್ಮ ಇಷ್ಟೆ. ಮುಂಬಯಿಯ ಹೋಟೆಲುಗಳಲ್ಲಿ ಹಗಲೆಲ್ಲ ದುಡಿದು ಕನ್ನಡ ರಾತ್ರಿಶಾಲೆಗಳಲ್ಲಿ ಓದಿದ ನಮ್ಮ ಹಿರಿಯರಿಗೆ ಈ ಮಾತನ್ನು ಯಾರೂ ವಿವರಿಸಬೇಕಾಗಿಲ್ಲ.

1948ರಲ್ಲಿ ಗಾಂಧೀಜಿಯವರ ಹತ್ಯೆಯಾದ ಮೇಲೆ, ಅವರ ನೆನಪಿಗಾಗಿ 101 ಹೈಸ್ಕೂಲುಗಳನ್ನು ತೆರೆಯುವೆನೆಂದು ಭಾವುರಾವ್ ಸಂಕಲ್ಪ ಮಾಡಿದರು. ಅದೇ ಕಾಲದಲ್ಲಿ ಮುಂಬಯಿ ಸರಕಾರ ಸಂಸ್ಥೆಯ ಅನುದಾನವನ್ನು ನಿಲ್ಲಿಸಿತು. ಜನ ಕೈಬಿಡಲಿಲ್ಲ, ಕೆಲಕಾಲದ ಮೇಲೆ ಅನುದಾನ ಮತ್ತೆ ದೊರೆಯಿತು. ಪೇಟೆಯ ಸ್ವತ್ತಾಗಿದ್ದ ಹೈಸ್ಕೂಲು ಹೀಗೆ ಹಳ್ಳಿಗಳಿಗೆ ನಡೆದು ಬಂತು. 1959ರಲ್ಲಿ ಪದ್ಮಭೂಷಣ ಪಡೆದ ಅವರು ಅದೇ ವರ್ಷ ಮೇ 9ರಂದು ಕಣ್ಮುಚ್ಚಿದರು. ಇಂದು ಸಂಸ್ಥೆ ನಡೆಸುವ ಪ್ರೌಢಶಾಲೆಗಳು ನಾಲ್ಕು ನೂರನ್ನು ಮೀರಿವೆ.

ಈ ಇತಿಹಾಸ ನಮಗೇಕೆ ಬೇಕು? ನಮ್ಮ ಸಂಘಗಳು ವರ್ಷವರ್ಷವೂ ವಿದ್ಯಾರ್ಥಿವೇತನ ಹಂಚುತ್ತವೆ. ಊರಿನ ಶಾಲೆಗೆ ಕೋಣೆ ಕಟ್ಟಿಸಿ ಕಲ್ಲಿನಲ್ಲಿ ಹೆಸರು ಕೆತ್ತಿಸುವವರೂ ನಮ್ಮಲ್ಲಿದ್ದಾರೆ. ಒಳ್ಳೆಯದೇ. ಕರ್ನಾಟಕದ ಸರಕಾರಿ ಪ್ರೌಢಶಾಲೆಯಲ್ಲಿ ಈಗ ಮಧ್ಯಾಹ್ನದ ಬಿಸಿಯೂಟವೂ ಉಂಟು. ಆದರೆ ದೂರದ ಹಾಡಿಯಿಂದ, ತಾಂಡಾದಿಂದ ಬರುವ ಹುಡುಗಿ ರಾತ್ರಿ ಎಲ್ಲಿ ಉಣ್ಣುತ್ತಾಳೆ, ಎಲ್ಲಿ ಮಲಗುತ್ತಾಳೆ, ಯಾರ ಪಕ್ಕದಲ್ಲಿ ಕೂರುತ್ತಾಳೆ ಎಂದು ಕೇಳುವವರು ಎಷ್ಟು ಮಂದಿ? ಅಂಕಪಟ್ಟಿ ನೋಡಿ ಕೊಡುವ ಹಣ ಆಗಲೇ ಶಾಲೆಯ ಒಳಗಿರುವವರಿಗೆ ಮುಟ್ಟುತ್ತದೆ. ಬಾಗಿಲ ಹೊರಗೆ ನಿಂತವರನ್ನು ಒಳಗೆ ಕರೆತರುವುದು ಒಂದು ತಟ್ಟೆ ಊಟ, ಒಂದು ಚಾಪೆಯ ಜಾಗ. ಶಾಲೆಯ ಸೌಕರ್ಯಗಳ ಪಟ್ಟಿ ಬರೆಯುವಾಗ ನಾವು ಮೊದಲು ಬರೆಯಬೇಕಾದದ್ದು ಇವೆರಡನ್ನೇ.