ಅಜ್ಜಿಯ ಮಾತು, ಶಾಲೆಯ ಮಾತು: ಕಡಲಾಚೆಯ ಚೀನೀಯರ ಕಥೆ

ಮಕ್ಕಳಿಗೆ ಕನ್ನಡ ಬಾರದೆಂಬ ಕೊರಗು ನಮ್ಮ ಸಂಘದ ಸಭೆಗಳಲ್ಲಿ ವರ್ಷ ವರ್ಷವೂ ಕೇಳಿಬರುತ್ತದೆ. ಊರು ಬಿಟ್ಟು ಬಂದವರಿಗೆ ಇದು ಹೊಸ ಸಂಗತಿಯಲ್ಲ. ನಮಗೊಬ್ಬರಿಗೇ ಒದಗಿದ್ದೂ ಅಲ್ಲ. ನಮಗಿಂತ ಬಹು ಹಿಂದೆ ಕಡಲು ದಾಟಿದ ಚೀನೀಯರೂ ಇದೇ ಪ್ರಶ್ನೆಯನ್ನು ಎದುರಿಸಿದ್ದಾರೆ. ಅವರ ಚರಿತ್ರೆಯನ್ನು ತುಸು ತಿರುವಿ ನೋಡುವುದು ನಮಗೆ ಅಪ್ರಸ್ತುತವಾಗಲಾರದು.

ದಕ್ಷಿಣ ಚೀನದ ಫೂಜಿಯನ್ ಪ್ರಾಂತದಿಂದ ವ್ಯಾಪಾರಕ್ಕೆ ಹೊರಟ ಕೆಲವರು ಶತಮಾನಗಳ ಹಿಂದೆಯೇ ಮಲಾಕ್ಕದಲ್ಲಿ ನೆಲೆಸಿದರು. ಆ ಹಡಗುಗಳಲ್ಲಿ ಹೆಂಗಸರು ಬರುತ್ತಿದ್ದುದು ಅಪರೂಪ. ಹಾಗಾಗಿ ಅಲ್ಲಿಯ ಹೆಣ್ಣುಗಳನ್ನೇ ಮದುವೆಯಾಗಿ ಸಂಸಾರ ಹೂಡಿದರು. ಅವರ ಸಂತತಿಗೆ ಪೆರನಾಕಾನ್ ಎಂದು ಹೆಸರು. ಗಂಡಸರು ಬಾಬಾ, ಹೆಂಗಸರು ನ್ಯೋನ್ಯಾ. ಮನೆಮಾತು ತಾಯಂದಿರ ಮಲಯವಾಯಿತು. ಆದರೆ ಆ ಮಲಯದಲ್ಲಿ 'ನಾನು', 'ನೀನು' ಎಂಬುದಕ್ಕೆ ಬಳಸಿದ 'ಗುವಾ', 'ಲು' ಎಂಬ ಪದಗಳು ತಂದೆಯರ ಹೊಕ್ಕಿಯೆನ್ ನುಡಿಯವು. ಹೆಂಗಸರು ಸಾರೊಂಗ್ ಉಟ್ಟು ಕೆಬಾಯಾ ತೊಟ್ಟರು. ಪಿತೃಪೂಜೆ, ಮದುವೆಯ ವಿಧಿ, ಮನೆತನದ ಹೆಸರು ಚೀನದವೇ ಆಗಿದ್ದವು. ಮಾತು ಬದಲಾಯಿತು, ಆಚಾರ ಉಳಿಯಿತು.

ಇಂಥ ಮನೆತನದಲ್ಲಿ ಸಿಂಗಪುರದಲ್ಲಿ ಹುಟ್ಟಿದವರು ಲಿಮ್ ಬೂನ್ ಕೆಂಗ್. 1887ರಲ್ಲಿ ರಾಣಿಯ ಹೆಸರಿನ ವಿದ್ಯಾರ್ಥಿವೇತನ ಪಡೆದು, ವೈದ್ಯಶಾಸ್ತ್ರ ಕಲಿಯಲು ಎಡಿನ್‌ಬರೊಗೆ ಹೋದರು. ಅಲ್ಲಿಯ ಅಧ್ಯಾಪಕರೊಬ್ಬರು ಚೀನೀ ಬರಹದ ಸುರುಳಿಯೊಂದನ್ನು ಕೊಟ್ಟು ಅರ್ಥ ಹೇಳೆಂದರಂತೆ. ಓದಲಾಗದೆ ತಲೆ ತಗ್ಗಿಸಿದ ಆ ಗಳಿಗೆಯೇ ಅವರ ಬಾಳಿನ ದಿಕ್ಕನ್ನು ತಿರುಗಿಸಿತೆಂದು ಹೇಳುತ್ತಾರೆ. ಊರಿಗೆ ಮರಳಿದ ಮೇಲೆ ಚೀನೀ ಭಾಷೆಯನ್ನು ಪಟ್ಟು ಹಿಡಿದು ಕಲಿತರು. 1899ರಲ್ಲಿ ಸಾಂಗ್ ಒಂಗ್ ಸಿಯಾಂಗ್ ಮೊದಲಾದವರೊಡನೆ ಚೀನೀ ಹೆಣ್ಣುಮಕ್ಕಳ ಶಾಲೆ ತೆರೆದರು. ಮುಂದೆ 1921ರಿಂದ 1937ರ ವರೆಗೆ ಚೀನದ ಶ್ಯಾಮೆನ್ ವಿಶ್ವವಿದ್ಯಾಲಯದ ಮುಖ್ಯಸ್ಥರಾಗಿದ್ದರು. ಸಿಂಗಪುರದಲ್ಲಿ ರಬ್ಬರಿನಿಂದ ಹಣ ಗಳಿಸಿದ ತಾನ್ ಕಾ ಕೀ ಎಂಬ ವರ್ತಕರು ಸ್ಥಾಪಿಸಿದ ಸಂಸ್ಥೆ ಅದು.

ಇಂಥ ಛಲ ಸಿರಿವಂತರಿಗೆ ಮಾತ್ರ ಸೀಮಿತವಾಗಿರಲಿಲ್ಲ. 1953ರಲ್ಲಿ ತಾನ್ ಲಾರ್ಕ್ ಸೈ ಎಂಬ ಉದ್ಯಮಿ ಚೀನೀ ಮಾಧ್ಯಮದ ವಿಶ್ವವಿದ್ಯಾಲಯ ಬೇಕೆಂದು ಕರೆಯಿತ್ತಾಗ ಸೈಕಲ್ ರಿಕ್ಷಾ ತುಳಿಯುವವರೂ ತಮ್ಮ ದಿನದ ದುಡಿಮೆಯನ್ನು ಕೊಟ್ಟರು. ಹೀಗೆ ಎದ್ದು ನಿಂತ ನಾನ್ಯಾಂಗ್ ವಿಶ್ವವಿದ್ಯಾಲಯದಲ್ಲಿ 1956ರಲ್ಲಿ ಪಾಠಗಳು ಆರಂಭವಾದವು. ಆದರೆ ಉದ್ಯೋಗವೆಲ್ಲ ಇಂಗ್ಲಿಷಿನ ಕಡೆ ವಾಲಿತು. ತಂದೆತಾಯಿಗಳೇ ಮಕ್ಕಳನ್ನು ಇಂಗ್ಲಿಷ್ ಶಾಲೆಗೆ ಹಾಕತೊಡಗಿದರು. 1980ರಲ್ಲಿ ಆ ವಿಶ್ವವಿದ್ಯಾಲಯ ಸಿಂಗಪುರ ವಿಶ್ವವಿದ್ಯಾಲಯದೊಡನೆ ವಿಲೀನವಾಯಿತು.

ಸಿಂಗಪುರದ ಸರಕಾರ ಭಾಷೆಯನ್ನು ಕೈಬಿಡಲಿಲ್ಲ. ಇಂಗ್ಲಿಷಿನ ಜೊತೆಗೆ 'ಮಾತೃಭಾಷೆ'ಯೆಂದು ಚೀನೀ ಮಕ್ಕಳಿಗೆಲ್ಲ ಮ್ಯಾಂಡರಿನ್ ಕಲಿಸಿತು. 1979ರಲ್ಲಿ ಪ್ರಧಾನಿ ಲೀ ಕ್ವಾನ್ ಯೂ 'ಮ್ಯಾಂಡರಿನ್ ಮಾತನಾಡಿ' ಎಂಬ ಚಳವಳಿಯನ್ನೇ ಹೂಡಿದರು. ಅವರೂ ಮ್ಯಾಂಡರಿನ್ ಕಲಿತದ್ದು ದೊಡ್ಡವರಾದ ಮೇಲೆಯೇ. ತೊಡಕಿರುವುದು ಇಲ್ಲಿ: ಆ ಮಕ್ಕಳ ಅಜ್ಜಿಯರ ಮಾತು ಹೊಕ್ಕಿಯೆನ್, ತಿಯೋಚ್ಯೂ, ಕ್ಯಾಂಟನೀಸ್, ಹಕ್ಕಾ. ಇವನ್ನು ಆಡುವವರಿಗೆ ಮ್ಯಾಂಡರಿನ್ ಕಲಿಯದೆ ಅರ್ಥವಾಗದು. ರೇಡಿಯೋ, ಟೆಲಿವಿಷನ್‌ಗಳಿಂದಲೂ ಈ ನುಡಿಗಳು ಕ್ರಮೇಣ ಮರೆಯಾದವು. ಮೊಮ್ಮಗ ಶಾಲೆಯಲ್ಲಿ ಮಾತೃಭಾಷೆಯ ಪರೀಕ್ಷೆ ಪಾಸಾದ. ಮನೆಗೆ ಬಂದು ಅಜ್ಜಿಯೊಡನೆ ಮಾತಾಡಲಾರದೆ ಹೋದ. 2020ರ ಜನಗಣತಿಯ ವೇಳೆಗೆ ಅಲ್ಲಿ ಶೇಕಡ 48.3 ಮಂದಿಗೆ ಮನೆಯಲ್ಲಿ ಹೆಚ್ಚಾಗಿ ಆಡುವ ಮಾತು ಇಂಗ್ಲಿಷೇ ಆಗಿತ್ತು.

ಇಂಡೊನೇಷ್ಯದ ಚೀನೀಯರ ಪಾಡು ಇನ್ನೂ ಕಠಿಣ. 1966ರಲ್ಲಿ ಅವರ ಶಾಲೆಗಳಿಗೆ ಬೀಗ ಬಿತ್ತು. 1967ರ ಆಜ್ಞೆಯೊಂದು ಅವರ ಹಬ್ಬಹರಿದಿನಗಳು ಬೀದಿಗೆ ಬರದಂತೆ ತಡೆಯಿತು. ಹೆಸರು ಬದಲಿಸಿಕೊಳ್ಳಬೇಕೆಂಬ ಒತ್ತಾಯವೂ ಬಂತು. ಲಿಯೆಮ್ ಸಿಯೊ ಲಿಯೊಂಗ್ ಎಂಬ ಹೆಸರಾಂತ ಉದ್ಯಮಿ ಸುದೊನೊ ಸಲಿಮ್ ಆದರು. ಕಿವಿಗೊಟ್ಟು ಕೇಳಿದರೆ ಹಳೆಯ 'ಲಿಯೆಮ್' ಹೊಸ 'ಸಲಿಮ್'ನೊಳಗೆ ಕುಳಿತಿರುವುದು ತಿಳಿಯುತ್ತದೆ. ಆ ಆಜ್ಞೆಯನ್ನು ಅಧ್ಯಕ್ಷ ಅಬ್ದುರ್ರಹಮಾನ್ ವಾಹಿದ್ 2000ದಲ್ಲಿ ರದ್ದುಪಡಿಸಿದರು. 2003ರಿಂದ ಚೀನೀ ಹೊಸವರ್ಷ ಅಲ್ಲಿ ರಾಷ್ಟ್ರೀಯ ರಜಾದಿನ. ಹಬ್ಬ ಮರಳಿ ಬಂತು. ಆದರೆ ಮೂವತ್ತು ವರ್ಷ ಶಾಲೆಯಿಲ್ಲದೆ ಬೆಳೆದವರಿಗೆ ಅಕ್ಷರ ಅಷ್ಟು ಸುಲಭವಾಗಿ ಮರಳಲಿಲ್ಲ.

ಈ ಕಥೆಯಿಂದ ನಾವು ತಿಳಿಯಬೇಕಾದುದೇನು? ಮಾತು ಹೋದೊಡನೆ ಎಲ್ಲವೂ ಹೋಗುವುದಿಲ್ಲವೆಂಬುದಕ್ಕೆ ಬಾಬಾಗಳು ಸಾಕ್ಷಿ. ಕಳೆದುದನ್ನು ಮರಳಿ ಪಡೆಯಬಹುದೆಂಬುದಕ್ಕೆ ಲಿಮ್ ಬೂನ್ ಕೆಂಗ್ ಸಾಕ್ಷಿ. ಶಾಲೆಯೊಂದೇ ಮನೆಮಾತನ್ನು ಉಳಿಸಲಾರದೆಂಬುದಕ್ಕೆ ಸಿಂಗಪುರದ ಅಜ್ಜಿಯರು ಸಾಕ್ಷಿ. ನಮ್ಮಲ್ಲಿಯೂ ಮನೆಯೊಳಗೆ ತುಳು, ಕೊಂಕಣಿ ಆಡುವ ಸಂಸಾರಗಳುಂಟು. ಧಾರವಾಡದ, ಮೈಸೂರಿನ ಬೇರೆ ಬೇರೆ ಕನ್ನಡಗಳುಂಟು. ಭಾನುವಾರದ ತರಗತಿಯಲ್ಲಿ ಮಕ್ಕಳಿಗೆ ಅಕ್ಷರ ಕಲಿಸೋಣ. ಅದು ಬೇಕೇ ಬೇಕು. ಆದರೆ ರಜೆಯಲ್ಲಿ ಊರಿಗೆ ಹೋದಾಗ ಮಗು ಅಜ್ಜಿಯ ಪಕ್ಕದಲ್ಲಿ ಕುಳಿತು ಅವಳದೇ ಮಾತಿನಲ್ಲಿ ಹರಟೆ ಹೊಡೆಯಬೇಕಾದರೆ, ಆ ಪಾಠ ನಮ್ಮ ನಮ್ಮ ಅಡುಗೆಮನೆಯಲ್ಲೇ ಆಗಬೇಕು. ಆ ಕೆಲಸವನ್ನು ಸಂಘ ನಮ್ಮ ಪರವಾಗಿ ಮಾಡಲಾರದು.