ಅರ್ಧ ಗಂಟೆಯ ಚರಿತ್ರೆ

ದುಡಿಯುವವನು ಕೂತರೆ ಸೋಮಾರಿ. ದುಡಿಸುವವನು ಕೂತರೆ ಯಜಮಾನ. ಈ ದೇಶದ ನಿಘಂಟು ಇರೋದೇ ಹೀಗೆ. ಗದ್ದೆ ಬದುವಿನ ಮೇಲೆ ಆಳುಮಗ ಒಂದು ಬೀಡಿ ಹಚ್ಚಿದರೆ 'ಏನ್ಲಾ, ಕೂತ್ಕಳಕ್ಕೂ ಕೂಲಿ ಕೊಡ್ಬೇಕಾ ನಿಂಗೆ?' ಅನ್ನೋ ಮಾತು ಆಚೆಯಿಂದ ಬಂದು ಬೀಳುತ್ತೆ. ಜಗಲಿ ಮೇಲೆ ಒಡೆಯ ಬೆಳಗಿನಿಂದ ಬೈಗಿನ ತನಕ ಕೂತು ಎಲೆ ಅಡಿಕೆ ಜಗಿದರೆ ಅದಕ್ಕೆ 'ವಿಶ್ರಾಂತಿ' ಅನ್ನೋ ದೊಡ್ಡ ಹೆಸರು. ನಮ್ಮ ಅಪ್ಪ ಅವ್ವಂದಿರು ಮೊದಲನೇ ಮಾತನ್ನು ಕೇಳಿಕೊಂಡೇ ಬದುಕಿದವರು. ಅವರ ಮಕ್ಕಳಾದ ನಾವು, ಮನೆಯಲ್ಲಿ ಮೊದಲ ಸಲ ಕಾಲೇಜಿನ ಮೆಟ್ಟಿಲು ಹತ್ತಿದವರು, ಚರಿತ್ರೆಯ ಪುಸ್ತಕ ತೆರೆದು ನೋಡಿದೆವು. ಯುದ್ಧಗಳ ತಾರೀಖು ಇದ್ದವು. ಪಟ್ಟಾಭಿಷೇಕಗಳ ತಾರೀಖು ಇದ್ದವು. ದುಡಿಯೋ ಮನುಷ್ಯ ಕೆಲಸ ನಿಲ್ಲಿಸಿ ಬೆವರು ಒರೆಸಿಕೊಳ್ಳೋದು ತನ್ನ ಹಕ್ಕು ಅಂತ ಯಾವತ್ತು ಕೇಳಿದ ಅನ್ನೋ ತಾರೀಖು ಮಾತ್ರ ಅಲ್ಲಿರಲಿಲ್ಲ.

ಆದರೆ ಅದಕ್ಕೂ ತಾರೀಖು ಇದೆ. ಮಧ್ಯಾಹ್ನದ ಅರ್ಧ ಗಂಟೆ ಬಿಡುವು, ನಡುವೆ ಹತ್ತು ನಿಮಿಷದ ಟೀ. ಇಷ್ಟು ಸಣ್ಣದಕ್ಕೂ ಹೋರಾಟ ನಡೆದಿದೆ. ಇಷ್ಟು ಸಣ್ಣದರೊಳಗೂ ಜಾತಿ ನುಸುಳಿದೆ. ಅದನ್ನು ನಾವೇ ಬರೆದುಕೊಳ್ಳಬೇಕು. ನಮಗಾಗಿ ಬೇರೆ ಯಾರೂ ಬರೆಯೋದಿಲ್ಲ.

*

1881ರಲ್ಲಿ ಬ್ರಿಟಿಷ್ ಸರ್ಕಾರ ಇಂಡಿಯಾಕ್ಕೆ ಮೊದಲ ಕಾರ್ಖಾನೆ ಕಾಯ್ದೆ ತಂದಿತು. 7 ವರ್ಷದೊಳಗಿನ ಮಕ್ಕಳನ್ನು ಕೆಲಸಕ್ಕೆ ಹಚ್ಚಬಾರದು. 7ರಿಂದ 12 ವರ್ಷದ ಮಕ್ಕಳನ್ನು ದಿನಕ್ಕೆ 9 ಗಂಟೆಗಿಂತ ಹೆಚ್ಚು ದುಡಿಸಬಾರದು, ಅವರಿಗೆ ಒಂದು ಗಂಟೆ ಬಿಡುವು ಕೊಡಬೇಕು. ಏಳು ವರ್ಷದ ಕೂಸನ್ನು ಒಂಬತ್ತು ಗಂಟೆ ದುಡಿಸೋದೇ ಆ ಕಾಲದ ದಯೆ! ದೊಡ್ಡವರ ಪಾಲಿಗೆ ಆ ಕಾಯ್ದೆಯಲ್ಲಿ ಒಂದು ನಿಮಿಷವೂ ಇರಲಿಲ್ಲ. ಮುಂಬಯಿಯ ಗಿರಣಿಗಳಲ್ಲಿ ಹೊತ್ತು ಹುಟ್ಟಿದಾಗ ಶುರುವಾದ ಕೆಲಸ ಹೊತ್ತು ಮುಳುಗಿದಾಗ ನಿಲ್ಲುತ್ತಿತ್ತು. ನಡುವೆ ಬುತ್ತಿ ಬಿಚ್ಚೋಕೆ ಎಷ್ಟು ಹೊತ್ತು ಅನ್ನೋದು ಮಾಲೀಕನ ಮರ್ಜಿ.

1884ರ ಸೆಪ್ಟೆಂಬರ್ ತಿಂಗಳಲ್ಲಿ ಮುಂಬಯಿ ಗಿರಣಿ ಕೆಲಸಗಾರರು ಸಭೆ ಸೇರಿದರು. ಸೇರಿಸಿದವರು ನಾರಾಯಣ ಮೇಘಾಜಿ ಲೋಖಂಡೆ. ಗಿರಣಿಯಲ್ಲೇ ಸ್ಟೋರ್ ಕೀಪರ್ ಆಗಿ ದುಡಿದವರು, ಜ್ಯೋತಿಬಾ ಫುಲೆಯವರ ಒಡನಾಡಿ, ಸತ್ಯಶೋಧಕ ಸಮಾಜದವರು, 'ದೀನಬಂಧು' ಪತ್ರಿಕೆ ನಡೆಸಿದವರು. ಸುಮಾರು 5,500 ಜನ ಕೆಲಸಗಾರರು ಒಪ್ಪಿಗೆ ಹಾಕಿದ ಮನವಿಯಲ್ಲಿ ಇದ್ದದ್ದು ಇಷ್ಟು: ವಾರಕ್ಕೊಂದು ದಿನ ರಜಾ, ಬೆಳಿಗ್ಗೆ ಆರೂವರೆಯಿಂದ ಸೂರ್ಯ ಮುಳುಗುವ ತನಕ ಮಾತ್ರ ಕೆಲಸ, ತಿಂಗಳ 15ರ ಒಳಗೆ ಸಂಬಳ, ಗಾಯ ಆದವರಿಗೆ ಪರಿಹಾರ. ಇವುಗಳ ಜೊತೆಗೆ ದಿನಾ ಮಧ್ಯಾಹ್ನ ಅರ್ಧ ಗಂಟೆ ಬಿಡುವು.

ಗೆಳೆಯರೆ, ಈ ಸಾಲನ್ನು ಇನ್ನೊಮ್ಮೆ ಓದಿ. ಅರ್ಧ ಗಂಟೆಯ ಬಿಡುವನ್ನು ಹಕ್ಕು ಅಂತ ಕಾಗದದ ಮೇಲೆ ಬರೆದು ಸರ್ಕಾರದ ಮುಂದೆ ಇಟ್ಟದ್ದು ಫುಲೆಯವರ ಬಳಗ. ಬಾವಿ ನೀರು ಯಾರದು, ಅಕ್ಷರ ಯಾರದು ಎಂದು ಕೇಳಿದ ಬಾಯೇ ಹೊತ್ತು ಯಾರದು ಎಂದೂ ಕೇಳಿತು. ಜಾತಿ ವಿರೋಧದ ಚಳವಳಿ ಬೇರೆ, ಕಾರ್ಮಿಕ ಚಳವಳಿ ಬೇರೆ ಅಂತ ನಮಗೆ ಪಾಠ ಹೇಳೋ ಪಂಡಿತರು 1884ಕ್ಕೆ ಹೋಗಿ ಬರಲಿ.

1890ರ ಏಪ್ರಿಲ್ 24ರಂದು ಮುಂಬಯಿಯಲ್ಲಿ ಮತ್ತೆ ಸಭೆ ನಡೆಯಿತು. ಸುಮಾರು ಹತ್ತು ಸಾವಿರ ಜನ. ಇಬ್ಬರು ಹೆಣ್ಣುಮಕ್ಕಳೂ ಎದ್ದು ನಿಂತು ಮಾತಾಡಿದರು. ಜೂನ್ 10ರಂದು ಗಿರಣಿ ಮಾಲೀಕರ ಸಂಘ ಭಾನುವಾರದ ರಜಾ ಒಪ್ಪಿಕೊಂಡಿತು. 1891ರ ಕಾಯ್ದೆಯಲ್ಲಿ ಎಲ್ಲ ಕೆಲಸಗಾರರಿಗೂ ಮಧ್ಯಾಹ್ನ ಅರ್ಧ ಗಂಟೆ ಬಿಡುವು ಬಂತು. ಕೇಳಿದ್ದಕ್ಕೂ ಸಿಕ್ಕಿದ್ದಕ್ಕೂ ನಡುವೆ ಏಳು ವರ್ಷ. ಒಂದು ಅರ್ಧ ಗಂಟೆಗೆ ಏಳು ವರ್ಷ!

*

ಕಾಯ್ದೆ ಬಂದರೂ ಬೈಗುಳ ಹೋಗಲಿಲ್ಲ. 1908ರ ಕಾರ್ಖಾನೆ ಕಾರ್ಮಿಕ ಆಯೋಗದ ಮುಂದೆ ಮಾಲೀಕರು ಹೇಳಿದ್ದು ಅದೇ ಹಳೇ ಪುರಾಣ. ಇಂಡಿಯಾದ ಕೂಲಿಯವನು ಯಂತ್ರ ಬಿಟ್ಟು ಹೊರಗೆ ಹೋಗ್ತಾನೆ, ಬೀಡಿ ಸೇದ್ತಾನೆ, ನೀರು ಕುಡಿಯೋ ನೆಪದಲ್ಲಿ ಅಲೀತಾನೆ. ಅಷ್ಟರಲ್ಲಿ ಗಿರಣಿಗಳಿಗೆ ಕರೆಂಟು ದೀಪ ಬಂದಿತ್ತು. ಸೂರ್ಯ ಮುಳುಗಿದರೂ ಕೆಲಸ ಮುಳುಗುತ್ತಿರಲಿಲ್ಲ. ಹದಿಮೂರು ಹದಿನಾಲ್ಕು ಗಂಟೆ ನಿಂತು ದುಡಿಯೋ ದೇಹ ನಡುನಡುವೆ ತಾನೇ ಬಿಡುವು ಮಾಡಿಕೊಳ್ಳದೆ ಇದ್ದಿದ್ದರೆ ಯಂತ್ರದ ಮೇಲೇ ಬಿದ್ದು ಹೋಗುತ್ತಿತ್ತು. ಅವರು ಕಳ್ಳತನ ಅಂದದ್ದು ಜೀವ ಉಳಿಸಿಕೊಳ್ಳುವ ಉಪಾಯ.

1919ರಲ್ಲಿ ವಾಷಿಂಗ್ಟನ್ನಿನಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಮೊದಲ ಒಪ್ಪಂದ ಆಯಿತು. ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ. ಅದೇ ಒಪ್ಪಂದದಲ್ಲಿ ಬ್ರಿಟಿಷ್ ಇಂಡಿಯಾಕ್ಕೆ ಬೇರೆ ಲೆಕ್ಕ, ವಾರಕ್ಕೆ 60 ಗಂಟೆ. ಬಿಳಿ ಮೈಗೆ ಒಂದು ಗಡಿಯಾರ, ಕರಿ ಮೈಗೆ ಇನ್ನೊಂದು. 1922ರ ಕಾಯ್ದೆ ಆ 60 ಗಂಟೆಯನ್ನು ತಂದಿತು. 1934ರಲ್ಲಿ ಅದು 54ಕ್ಕೆ ಇಳಿಯಿತು. 48ಕ್ಕೆ ಇಳಿದದ್ದು 1946ರಲ್ಲಿ. ಆಗ ವೈಸರಾಯ್ ಕೌನ್ಸಿಲ್ಲಿನಲ್ಲಿ ಕಾರ್ಮಿಕ ಖಾತೆ ಹೊತ್ತಿದ್ದವರು ಬಾಬಾಸಾಹೇಬ್ ಅಂಬೇಡ್ಕರ್. ಎಂಟು ಗಂಟೆ ಮುಗಿಸಿ ಬ್ಯಾಗು ಎತ್ತಿಕೊಂಡು ಮನೆಗೆ ಹೋಗೋ ಬಾಬುಗಳು, ಜಾತಿ ಯಾವುದೇ ಇರಲಿ, ಈ ಋಣ ತಿಳಿದಿರಬೇಕು.

*

ಇನ್ನು ಟೀ ವಿಚಾರ. ಅಂಬಲಿ, ಮಜ್ಜಿಗೆ, ನೀರು ಕುಡಿದು ದುಡಿದ ನಮ್ಮ ಹಿರೀಕರ ಕೈಗೆ ಈ ಲೋಟ ಹೆಂಗೆ ಬಂತು? ತಾನಾಗಿ ಬರಲಿಲ್ಲ. 1903ರಲ್ಲಿ ಟೀ ಸೆಸ್ ಕಾಯ್ದೆ ಬಂತು. ರಫ್ತಾಗುವ ಟೀ ಮೇಲೆ ಸುಂಕ ಎತ್ತಿ, ಆ ದುಡ್ಡಿನಲ್ಲಿ ಟೀ ಪ್ರಚಾರ ಮಾಡಿದರು. ಮೊದಲ ಮಹಾಯುದ್ಧದ ಹೊತ್ತಿಗೆ ಗಿರಣಿ, ಕಾರ್ಖಾನೆ, ಕಲ್ಲಿದ್ದಲ ಗಣಿಗಳಲ್ಲಿ ಟೀ ಅಂಗಡಿ ಇಡಿಸಿದರು. 1930ರ ದಶಕದಲ್ಲಿ ಹೊರದೇಶದ ಪೇಟೆ ಕುಸಿದಾಗ ಮಿಕ್ಕ ಟೀ ಮಾರೋಕೆ ಈ ದೇಶದ ಬಾಯಿಗಳೇ ಬೇಕಾದವು. ಕೆಲಸಗಾರನಿಗೆ ಟೀ ಕೊಡಿಸಿ, ದಣಿವು ಹೋಗಿ ಹೆಚ್ಚು ದುಡೀತಾನೆ ಅಂತ ಮಾಲೀಕರಿಗೆ ಬುದ್ಧಿ ಹೇಳಿದರು.

ಇಂಗ್ಲೆಂಡಿನಲ್ಲೂ ಇದೇ ಲೆಕ್ಕ. 1915ರಲ್ಲಿ ಮದ್ದುಗುಂಡಿನ ಕಾರ್ಖಾನೆಗಳ ಕೆಲಸಗಾರರ ಆರೋಗ್ಯ ನೋಡೋಕೆ ಒಂದು ಸಮಿತಿ ಮಾಡಿದರು. ಹೊತ್ತು ಮೀರಿ ದುಡಿಸಿದರೆ ಉತ್ಪಾದನೆ ಏರೋದಿಲ್ಲ, ನಡುವೆ ಬಿಡುವು ಕೊಟ್ಟು ಕ್ಯಾಂಟೀನು ಇಟ್ಟರೆ ಲಾಭ ಅಂತ ಅದು ಹೇಳಿತು. ಮಾತು ನಿಜವೇ ಇರಬಹುದು. ಆದರೆ ಈ ವಾದವನ್ನು ನಾವು ಒಪ್ಪೋದಿಲ್ಲ. ಎತ್ತಿಗೆ ಹುಲ್ಲು ಹಾಕೋದು ಉಳೋದಕ್ಕೆ. ಮನುಷ್ಯ ಟೀ ಕುಡಿಯೋದು ಮನುಷ್ಯ ಆಗಿರೋದಕ್ಕೆ. ಉತ್ಪಾದನೆ ಒಂದು ಗುಲಗಂಜಿಯಷ್ಟು ಹೆಚ್ಚದಿದ್ದರೂ ಆ ಹತ್ತು ನಿಮಿಷ ನಮ್ಮದೇ.

ಆ ಟೀ ಸೊಪ್ಪು ಕಿತ್ತವರಿಗೆ ಏನು ಸಿಕ್ಕಿತು? ಅಸ್ಸಾಮಿನ ತೋಟಗಳಿಗೆ ಛೋಟಾ ನಾಗ್ಪುರದ ಆದಿವಾಸಿಗಳನ್ನು ಕರಾರು ಬರೆಸಿಕೊಂಡು ಸಾಗಿಸಿದರು. 1859ರ ಕಾಯ್ದೆಯ ಪ್ರಕಾರ ಕರಾರು ಮುರಿಯೋದು ಅಪರಾಧ. ಓಡಿಹೋದ ಆಳನ್ನು ವಾರಂಟಿಲ್ಲದೆ ಹಿಡಿಯೋ ಅಧಿಕಾರ ತೋಟದ ದೊರೆಗಳಿಗೇ ಇತ್ತು, ಅದು ಹೋದದ್ದು 1908ರಲ್ಲಿ. 1921ರ ಮೇ ತಿಂಗಳಲ್ಲಿ ಚರ್ಗೋಲಾ ಕಣಿವೆಯ ಸಾವಿರಾರು ಜನ ತೋಟ ತೊರೆದು ಊರ ದಾರಿ ಹಿಡಿದರು. ಚಾಂದ್‌ಪುರದ ರೈಲ್ವೆ ಸ್ಟೇಷನ್ನಿನಲ್ಲಿ ರಾತ್ರಿ ಹೊತ್ತು ಗೂರ್ಖಾ ಸಿಪಾಯಿಗಳನ್ನು ಅವರ ಮೇಲೆ ಬಿಟ್ಟರು. ಸ್ವಾತಂತ್ರ್ಯ ಬಂದ ಮೇಲೆ 1951ರಲ್ಲಿ ತೋಟ ಕಾರ್ಮಿಕರ ಕಾಯ್ದೆ ಆಯಿತು. ಕಾರ್ಖಾನೆಯವರಿಗೆ 1946ರಲ್ಲೇ ಬಂದ 48 ಗಂಟೆಯ ವಾರ ತೋಟದವರಿಗೆ ಬರಲಿಲ್ಲ. 1981ರ ತಿದ್ದುಪಡಿ ಆಗುವ ತನಕ ಅವರಿಗೆ 54 ಗಂಟೆ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟದ ಲೈನ್ ಮನೆಗಳಲ್ಲಿ ಇರುವ ನಮ್ಮ ಜನಕ್ಕೂ 2025ರ ತನಕ ಇದೇ ಕಾಯ್ದೆ ಇತ್ತು. ಊರಿಗೆಲ್ಲ ಬಿಡುವಿನ ಲೋಟ ತುಂಬಿಸಿದವರಿಗೆ ಬಿಡುವು ಎಲ್ಲರಿಗಿಂತ ಕೊನೆಗೆ.

*

ಈಗ ಜಾತಿಯ ಮಾತಿಗೆ ಬರೋಣ. ಅರ್ಧ ಗಂಟೆ ಸಿಕ್ಕಿತು ಅಂತಿಟ್ಟುಕೊಳ್ಳಿ. ಎಲ್ಲಿ ಕೂರಬೇಕು? ಯಾವ ಲೋಟದಲ್ಲಿ ಕುಡಿಯಬೇಕು?

ಮುಂಬಯಿ ಗಿರಣಿಗಳಲ್ಲಿ ನೇಯ್ಗೆ ಖಾತೆಗೆ ಸಂಬಳ ಜಾಸ್ತಿ. ಅಲ್ಲಿಗೆ ಮಹಾರರಿಗೆ ಪ್ರವೇಶ ಇರಲಿಲ್ಲ. ಯಾಕೆ? ಲಾಳಿಯ ಕಣ್ಣಿಂದ ನೂಲನ್ನು ಬಾಯಿ ಹಚ್ಚಿ ಎಳೆಯಬೇಕಿತ್ತು. ಒಬ್ಬನ ಎಂಜಲು ಇನ್ನೊಬ್ಬನಿಗೆ ತಾಗುತ್ತೆ, ಅದಕ್ಕೆ! ಹತ್ತಾರು ಜಾತಿಯ ಎಂಜಲು ನಡೆಯುತ್ತಿತ್ತು, ನಮ್ಮದು ಮಾತ್ರ ನಡೆಯುತ್ತಿರಲಿಲ್ಲ. ಕುಡಿಯುವ ನೀರಿನ ಮಡಕೆಯೂ ಬೇರೆ. ಒಂದೇ ಯಂತ್ರ, ಒಂದೇ ಮಾಲೀಕ, ಒಂದೇ ಸೈರನ್ನು, ಆದರೆ ಬಾಯಾರಿಕೆಗೆ ಎರಡು ಮಡಕೆ. 1928ರ ದೊಡ್ಡ ಮುಷ್ಕರದಲ್ಲಿ ಬಾಬಾಸಾಹೇಬರು ಈ ಪ್ರಶ್ನೆ ಎತ್ತಿದರು. ನೇಯ್ಗೆ ಖಾತೆಯ ಬಾಗಿಲು ತೆರೆಯೋದು ಮುಷ್ಕರದ ಬೇಡಿಕೆಗಳಲ್ಲಿ ಸೇರಬೇಕು ಅಂತ ಪಟ್ಟು ಹಿಡಿದರು. ಕೆಂಪು ಬಾವುಟ ಹಿಡಿದ ಮುಖಂಡರು ಮೀನಮೇಷ ಎಣಿಸಿದರು. 1938ರಲ್ಲಿ ಮನ್ಮಾಡಿನಲ್ಲಿ ರೈಲ್ವೆಯ ದಲಿತ ಕಾರ್ಮಿಕರ ಮುಂದೆ ಅವರು ಕಾರ್ಮಿಕರ ವೈರಿಗಳು ಇಬ್ಬರು ಅಂತ ಹೇಳಿದ್ದು ಈ ಅನುಭವದಿಂದಲೇ. ಒಂದು ಬ್ರಾಹ್ಮಣಶಾಹಿ, ಇನ್ನೊಂದು ಬಂಡವಾಳಶಾಹಿ. ಒಂದು ನಮ್ಮ ಹೊತ್ತನ್ನು ಕದಿಯುತ್ತೆ. ಇನ್ನೊಂದು ಸಿಕ್ಕ ಹೊತ್ತಿನಲ್ಲೂ ನಮ್ಮನ್ನು ಹೊರಗೆ ಕೂರಿಸುತ್ತೆ.

ನಮ್ಮ ಹಳ್ಳಿಗಳ ಹೋಟ್ಲುಗಳಲ್ಲಿ ಇದು ತೆಂಗಿನ ಚಿಪ್ಪಾಗಿ ಬಂತು. ಆಮೇಲೆ ತಡಿಕೆಗೆ ಸಿಕ್ಕಿಸಿದ ಬೇರೆ ಲೋಟ ಆಯಿತು. ಕುಡಿದ ಮೇಲೆ ನಾವೇ ತೊಳೆದಿಡಬೇಕು, ದುಡ್ಡು ಮಾತ್ರ ಎಲ್ಲರಷ್ಟೇ ಕೊಡಬೇಕು. ದುಡ್ಡಿಗೆ ಮೈಲಿಗೆ ಇಲ್ಲ ನೋಡಿ. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿತು. 1955ರ ಕಾಯ್ದೆ ಹೋಟೆಲಿನ ಬಾಗಿಲನ್ನೂ ಅಲ್ಲಿನ ಪಾತ್ರೆಯನ್ನೂ ಹೆಸರಿಸಿ, ತಡೆಯುವುದು ಅಪರಾಧ ಅಂದಿತು. ಆಮೇಲೆ ಏನಾಯ್ತು? ಗಾಜಿನ ಲೋಟದ ಜಾಗಕ್ಕೆ ಬಿಸಾಕೋ ಪೇಪರ್ ಲೋಟ ಬಂತು. ಶುಚಿತ್ವ ಅಂತಾರೆ. ಎಲ್ಲರಿಗೂ ಪೇಪರ್ ಲೋಟ ಆದರೆ ಸರಿ. ನಮಗೆ ಮಾತ್ರ ಪೇಪರು, ಅವರಿಗೆ ಸ್ಟೀಲು ಅನ್ನೋ ಕಡೆ ಅದು ಆ ಹಳೇ ಚಿಪ್ಪೇ.

*

1948ರ ಕಾರ್ಖಾನೆ ಕಾಯ್ದೆ 5 ಗಂಟೆ ದುಡಿಸುವ ಮುನ್ನ ಅರ್ಧ ಗಂಟೆ ಬಿಡುವು ಕಡ್ಡಾಯ ಮಾಡಿತು. 250ಕ್ಕಿಂತ ಹೆಚ್ಚು ಜನ ಇರೋ ಕಡೆ ಕ್ಯಾಂಟೀನು ಇಡಬೇಕು ಅಂದಿತು. ಆದರೆ ಬೆಳಿಗ್ಗೆ ಸಂಜೆಯ ಹತ್ತು ನಿಮಿಷದ ಟೀ ಆ ಕಾಯ್ದೆಯಲ್ಲಿ ಇರಲಿಲ್ಲ. ಅದನ್ನು ಯೂನಿಯನ್ನುಗಳು ಮಾತುಕತೆ ಮಾಡಿ, ಕೆಲಸ ನಿಲ್ಲಿಸಿ, ರೂಢಿ ಮಾಡಿ ಗಳಿಸಿಕೊಂಡವು. ಹೀಗೆ ರೂಢಿಯಾದ ಸವಲತ್ತನ್ನು ಕಿತ್ತುಕೊಳ್ಳಬೇಕಾದರೆ ಮೊದಲೇ ನೋಟೀಸು ಕೊಡಬೇಕು ಅಂತ 1947ರ ಕೈಗಾರಿಕಾ ವಿವಾದ ಕಾಯ್ದೆ ಹೇಳಿತ್ತು.

ಮಾಲೀಕರು ಈ ಹತ್ತು ನಿಮಿಷಕ್ಕೆ ಹೆದರೋದು ಯಾಕೆ? ಬರೀ ಉತ್ಪಾದನೆ ನಿಲ್ಲುತ್ತೆ ಅಂತಲ್ಲ. ಯಂತ್ರ ಓಡುವಾಗ ಒಬ್ಬನ ಮಾತು ಇನ್ನೊಬ್ಬನಿಗೆ ಕೇಳೋದಿಲ್ಲ. ಟೀ ಹೊತ್ತಿನಲ್ಲಿ ಕೇಳುತ್ತೆ. 'ನಿಂಗೆಷ್ಟು ಬಂತು? ನಂಗ್ಯಾಕೆ ಹಿಡಿದ್ರು?' ಅನ್ನೋ ಪ್ರಶ್ನೆ ಹುಟ್ಟೋದು ಲೋಟ ಕೈಯಲ್ಲಿರುವಾಗ. ಓದು ಬಂದವನು ಪೇಪರು ಓದಿ ಹೇಳುತ್ತಾನೆ. ಕರಪತ್ರ ಕೈ ದಾಟುತ್ತೆ. ಒಂದೇ ಬೆಂಚಿನಲ್ಲಿ ಕೂತು ಒಂದೇ ಕೆಟಲಿನ ಟೀ ಕುಡಿದವರು ನಾಳೆ ಒಂದೇ ಸಾಲಿನಲ್ಲಿ ನಿಲ್ಲಬಹುದು ಅನ್ನೋ ಭಯ ಅವರಿಗಿದೆ. ಬೇರೆ ಲೋಟ ಇಟ್ಟವನೂ ಬಿಡುವು ಕತ್ತರಿಸಿದವನೂ ಇಲ್ಲಿ ಒಂದೇ ಕೆಲಸ ಮಾಡುತ್ತಿದ್ದಾರೆ. ಜನ ಒಟ್ಟಿಗೆ ಕೂರದ ಹಾಗೆ ನೋಡಿಕೊಳ್ಳುತ್ತಿದ್ದಾರೆ.

ಗಂಟೆ ಹೊಡೆಯದ ಕಡೆ ದುಡಿದವರ ಕತೆ ಇನ್ನೂ ಕಷ್ಟದ್ದು. ಜೀತದಾಳಿಗೆ ಯಾವ ಕಾರ್ಖಾನೆ ಕಾಯ್ದೆ? 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಬರುವ ತನಕ ಅವನ ಇಡೀ ದಿನವೇ ಒಡೆಯನ ಹೆಸರಿಗೆ ಖಾತೆಯಾಗಿತ್ತು. ನಮ್ಮ ಅವ್ವಂದಿರ ಮಾತಂತೂ ಕೇಳಲೇ ಬೇಡಿ. ಗಂಡಾಳು ಕೂತು ಟೀ ಕುಡಿಯುವಾಗ ಆ ಟೀ ಕಾಸಿದವಳಿಗೆ ಬಿಡುವು ಯಾವಾಗ? ಈ ಪ್ರಶ್ನೆ ಮಾಲೀಕರಿಗೆ ಮಾತ್ರ ಅಲ್ಲ, ನಮ್ಮ ಕೇರಿಯ ಗಂಡಸರಿಗೂ ಸೇರಿದ್ದು.

*

1884ರ ಅರ್ಧ ಗಂಟೆ ಇವತ್ತು ಭದ್ರವಾಗಿದೆಯೇ? 2020ರ ಮೇ ತಿಂಗಳಲ್ಲಿ, ಕೊರೊನಾ ಕಾಲದಲ್ಲಿ, ಕರ್ನಾಟಕ ಸರ್ಕಾರ ದಿನಕ್ಕೆ 10 ಗಂಟೆ ದುಡಿಸಬಹುದು ಅಂತ ಆದೇಶ ಹೊರಡಿಸಿತು, ಜೂನ್‌ನಲ್ಲಿ ವಾಪಸು ತೆಗೆದುಕೊಂಡಿತು. 2023ರ ಫೆಬ್ರುವರಿಯಲ್ಲಿ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ಮಾಡಿ, ವಾರದ 48 ಗಂಟೆಯನ್ನು ಹಾಗೇ ಇಟ್ಟು, ದಿನಕ್ಕೆ 12 ಗಂಟೆ ತನಕ ದುಡಿಸಲು ದಾರಿ ಮಾಡಿತು. ಬಿಡುವಿಲ್ಲದ 5 ಗಂಟೆಯನ್ನು 6 ಗಂಟೆಗೆ ಎಳೆಯಲು ದಾರಿ ಮಾಡಿದ್ದೂ ಅದೇ ತಿದ್ದುಪಡಿ. ಒಂದು ಗಂಟೆ ಏನು ಮಹಾ ಅನ್ನಬೇಡಿ. ಹೊಲಿಗೆ ಯಂತ್ರದ ಮುಂದೆ ಬೆನ್ನು ಬಗ್ಗಿಸಿ ಕೂತ ಹೆಣ್ಣುಮಗಳನ್ನು ಆ ಆರನೇ ಗಂಟೆ ಹೆಂಗಿರುತ್ತೆ ಅಂತ ಕೇಳಿ. ಬೆಂಗಳೂರಿನ ಗಾರ್ಮೆಂಟ್ಸಿನಲ್ಲಿ ಗಂಟೆಗೆ ಇಷ್ಟು ಪೀಸು ಅನ್ನೋ ಟಾರ್ಗೆಟ್ಟು. ಅದು ಮುಗಿಯದಿದ್ದರೆ ಊಟದ ಹೊತ್ತಿನಲ್ಲೂ ಕೈ ಓಡಲೇಬೇಕು. ಬಚ್ಚಲಿಗೆ ಹೋಗಬೇಕಾಗುತ್ತೆ ಅಂತ ನೀರು ಕುಡಿಯದೆ ಇರುವ ತಾಯಂದಿರಿದ್ದಾರೆ. ಊರು ಗುಡಿಸುವ ಪೌರಕಾರ್ಮಿಕರು, ಹೆಚ್ಚಿನವರು ನಮ್ಮವರೇ, ಟೀ ಕುಡಿಯೋದು ಫುಟ್‌ಪಾತಿನ ಅಂಚಿನಲ್ಲಿ. ಮನೆ ಬಾಗಿಲಿಗೆ ಊಟ ತಲುಪಿಸುವ ಹುಡುಗ ಬೈಕು ನಿಲ್ಲಿಸಿ ಟೀ ಕುಡಿದರೆ ಮುಂದಿನ ಆರ್ಡರು ಕೈ ತಪ್ಪುತ್ತೆ. ಅವನ ಮೇಸ್ತ್ರಿಗೆ ಮುಖವೇ ಇಲ್ಲ, ಜಗಳ ಆಡೋಣ ಅಂದರೂ ಯಾರ ಜೊತೆ?

ನಾವು ಹೆಚ್ಚು ಕೇಳುತ್ತಿಲ್ಲ. ಲೋಖಂಡೆ ಕೇಳಿದ್ದನ್ನೇ ಕೇಳುತ್ತಿದ್ದೇವೆ, ಬಾಬಾಸಾಹೇಬರು ಕೇಳಿದ್ದನ್ನು ಅದಕ್ಕೆ ಸೇರಿಸುತ್ತಿದ್ದೇವೆ. ಸಂಬಳ ಹಿಡಿಯದ ಬಿಡುವು ಬೇಕು. ಕೂರಲು ಒಂದೇ ಬೆಂಚು, ಕುಡಿಯಲು ಒಂದೇ ಬಗೆಯ ಲೋಟ ಬೇಕು. ಈ ಎರಡರಲ್ಲಿ ಒಂದನ್ನು ಕೊಟ್ಟು ಇನ್ನೊಂದನ್ನು ಆಮೇಲೆ ನೋಡೋಣ ಅನ್ನುವವರನ್ನು ನಾವು ನಂಬೋದಿಲ್ಲ. ಯೂನಿಯನ್ನಿನ ಗೆಳೆಯರು ಬೇಡಿಕೆ ಪಟ್ಟಿ ಬರೆಯುವಾಗ ಲೋಟದ ಮಾತು ಬರೆಯಲಿ. ಕೇರಿಯ ಗೆಳೆಯರು ಲೋಟದ ಜಗಳ ಆಡುವಾಗ ಗಡಿಯಾರದ ಮಾತು ಎತ್ತಲಿ. ನಾಳೆ ಬೆಳಿಗ್ಗೆ ನಿಮ್ಮ ಕೆಲಸದ ಜಾಗದಲ್ಲಿ ಟೀ ಬಂದಾಗ ಒಮ್ಮೆ ಸುತ್ತ ನೋಡಿ. ಯಾರು ನಿಂತಿದ್ದಾರೆ, ಯಾರು ಹೊರಗಿದ್ದಾರೆ, ಯಾರಿಗೆ ಲೋಟ ಇನ್ನೂ ಬಂದಿಲ್ಲ? ಅವರನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳಿ. ಮುಂದಿನ ಮಾತು ಅಲ್ಲಿಂದ ಶುರುವಾಗಲಿ.